ಕಪ್ಪು ಬಣ್ಣದಡಿಯ ಕೋಳಿ

ಮೇ ೬

ಪರದೆ ಏಳಲಿ! ಸಭಿಕರೇ, ಕೇಳುವಂಥವರಾಗಿ! ಇಲ್ಲ, ಕೇಳಬೇಡಿ, ಕೇಳಿಸಲು ನನ್ನ ಬಳಿ ಏನೂ ಉಳಿದಿಲ್ಲ. ಜರ್ಮನಿಯ ವೆರ್ರಾ ಕಣಿವೆಯ ಈ ನಾಟಕಶಾಲೆಯಲ್ಲಿ ಕೊನೆಯ ಸಾಲಿನ ಕಿವುಡಜ್ಜಿಯನ್ನೂ ನಿದ್ದೆಯಿಂದ ಎಬ್ಬಿಸುತ್ತಿದ್ದ ಕಂಠ, ರಾಜರನ್ನು ಸಿಂಹಾಸನದಿಂದ ಇಳಿಸಿದ ಕಂಠ, ಟಾಸ್ಸಿಲೋ ಎಂಬ ನನ್ನ ಈ ಕಂಠ ನಿನ್ನೆ ಆಸ್ಪತ್ರೆಯ ಮೇಜಿನ ಮೇಲೆ ಒಂದು ಪುಟ್ಟ ಚಾಕುವಿಗೆ ಶರಣಾಯಿತು. ಧ್ವನಿತಂತುವಿನಲ್ಲಿ ಗಂಟು ಇತ್ತಂತೆ. ತೆಗೆದರಂತೆ.

"ನಾನು ಹೇಳೋ ತನಕ ಒಂದು ಸದ್ದೂ ಬರಕೂಡದು," ಎಂದರು ಡಾಕ್ಟರಮ್ಮ. "ಪಿಸುಮಾತೂ ಬೇಡ. ಕೆಮ್ಮು ಬಂದ್ರೆ ನುಂಗ್ಕೊಳಿ."

ಕೆಮ್ಮನ್ನು ನುಂಗಬಹುದು. ಸಂಭಾಷಣೆಯನ್ನು ನುಂಗುವುದು ಹೇಗೆ? ಅದಕ್ಕೇ, ಎಲೈ ದಿನಚರಿಯೇ, ಇಂದಿನಿಂದ ನೀನೇ ನನ್ನ ರಂಗಸ್ಥಳ. ನಿನ್ನ ಮೇಲೆ ಗುಡುಗುತ್ತೇನೆ. ಯಾವ ಡಾಕ್ಟರು ತಡೆಯುತ್ತಾರೋ ನೋಡೋಣ.

ಮೇ ೮

ಗಾಯದ ಮೇಲೆ ಬರೆ! ಇವತ್ತು ನಮ್ಮ ನಾಟಕಶಾಲೆಯ ರಂಗಸಾಮಗ್ರಿಗಳ ಒಡತಿ ರೋಸ್ವಿಟಾ ಬಂದಳು. ಕತ್ತಿ, ಕಿರೀಟ, ಹುಸಿಗಡ್ಡ, ತಲೆಬುರುಡೆ, ಎಲ್ಲವೂ ಅವಳ ಬೀಗದ ಕೈಯಲ್ಲಿವೆ. ನಾಲಿಗೆಗೆ ಮಾತ್ರ ಬೀಗವಿಲ್ಲ.

"ಏನ್ ಮಹಾರಾಜ, ಕೊನೆಗೂ ನಿಮ್ಮ ಬಾಯಿ ಮುಚ್ಚಿಸೋರು ಸಿಕ್ಕಿದ್ರಾ!" ಎಂದು ನಕ್ಕವಳು ಕುರ್ಚಿಯಲ್ಲಿ ಕುಸಿದು ಕುಳಿತು ಒಮ್ಮೆಗೇ ಮುಖ ಸಣ್ಣದು ಮಾಡಿಕೊಂಡಳು. ಜಿಲ್ಲಾ ಕಚೇರಿಯ ಆಯುಧ ವಿಭಾಗದಿಂದ ಹೆರ್ ಡೋಲ್ ಎಂಬ ಅಧಿಕಾರಿ ತಪಾಸಣೆಗೆ ಬಂದಿದ್ದರಂತೆ. ಮರದ ಬಂದೂಕುಗಳನ್ನು ನೋಡಿ ನಕ್ಕರಂತೆ. ಆಮೇಲೆ ಗಾಜಿನ ಕಪಾಟಿನಲ್ಲಿದ್ದ ಪಿಸ್ತೂಲನ್ನು ಕೈಗೆತ್ತಿಕೊಂಡು ನಗು ನಿಲ್ಲಿಸಿದರಂತೆ.

"'ಇದು ಆಟಿಕೆ ಅಲ್ಲಮ್ಮ, ನಿಜವಾದ್ದು' ಅಂದ್ರು. 'ಸಾವಿರದ ಎಂಟುನೂರ ಎಪ್ಪತ್ತೊಂದಕ್ಕಿಂತ ಹಿಂದಿನ ಮಾದರಿ ಆಗಿದ್ರೆ ಪರವಾನಗಿ ಬೇಕಿಲ್ಲ, ಇಟ್ಕೊಳಿ. ಆಮೇಲಿಂದಾದ್ರೆ ನಾನು ತಗೊಂಡು ಹೋಗ್ಬೇಕು, ಯಂತ್ರಕ್ಕೆ ಕೊಟ್ಟು ಚಪ್ಪಟೆ ಮಾಡಿಸ್ಬೇಕು. ಇದರ ಮೇಲೆ ಒಂದೂ ಮುದ್ರೆ ಇಲ್ವಲ್ಲ? ಯಾರು ಮಾಡಿದ್ದು, ಎಲ್ಲಿ, ಯಾವಾಗ?' ನಾನೇನ್ ಹೇಳ್ಲಿ ಮಹಾರಾಜ? ಒಳ್ಳೆಯವರೇ. ಜೂನ್ ಹದಿನೆಂಟಕ್ಕೆ ಮತ್ತೆ ಬರ್ತೀನಿ, ಅಷ್ಟರಲ್ಲಿ ಗುರುತು ಹುಡುಕಿ ಅಂದು ಹೋದ್ರು."

ನಾನು ಎದ್ದು ನಿಂತೆ. ಎರಡೂ ಕೈ ಆಕಾಶಕ್ಕೆ ಎತ್ತಿದೆ. ಬಾಯಿ ತೆರೆದೆ. ರೋಸ್ವಿಟಾ ತನ್ನ ಕೈಯನ್ನೇ ನನ್ನ ಬಾಯಿಗೆ ಅಡ್ಡ ಇಟ್ಟಳು.

ಮೇ ೯

ಆ ಪಿಸ್ತೂಲು ಏನೆಂದು ಅಧಿಕಾರಿಗೆ ಏನು ಗೊತ್ತು?

ಪ್ರತಿ ಸೆಪ್ಟೆಂಬರಿನಲ್ಲಿ, ಹೊಸ ಋತುವಿನ ಮೊದಲ ದಿನ, ನಮ್ಮ ನಾಟಕಶಾಲೆಯಲ್ಲಿ ಎಲ್ಲರೂ ರಂಗದ ಮೇಲೆ ನಿಲ್ಲುತ್ತೇವೆ. ನಟರು, ಬಡಗಿಗಳು, ದರ್ಜಿಗಳು, ಟಿಕೆಟ್ ಹರಿಯುವವರು, ಎಲ್ಲರೂ. ಹಿರಿಯ ನಟ ಖಾಲಿ ಸಭಾಂಗಣದತ್ತ ಪಿಸ್ತೂಲು ಎತ್ತಿ ಒಂದು ಕೇಪು ಹೊಡೆಯುತ್ತಾನೆ. ಮದ್ದಿಲ್ಲ, ಗುಂಡಿಲ್ಲ, ಬರಿಯ ಕೇಪು, ಏಟು ಬಿದ್ದರೆ ಸಿಡಿಯುವ ಪುಟ್ಟ ತಾಮ್ರದ ಟೋಪಿ. ಢಂ! ಬೇಸಗೆಯಿಡೀ ಮಲಗಿದ್ದ ಮನೆ ಎದ್ದಿತು ಎಂದು ಲೆಕ್ಕ. ಸದ್ದಾಗದೆ ಹೋದರೆ ಆ ವರ್ಷ ನಾಟಕ ನೆಲಕಚ್ಚುತ್ತದೆಂದು ಬಡಗಿಗಳೂ ನಂಬುತ್ತಾರೆ. ನನ್ನ ಗುರು ಓಟೋಕಾರ್ ಇದೇ ರಂಗದ ಮೇಲೆ ಅದನ್ನು ನನ್ನ ಕೈಗಿತ್ತು, "ಇನ್ನು ನೀನೇ ಎಬ್ಬಿಸಪ್ಪ" ಎಂದಿದ್ದರು.

ಈ ಗಂಟಲು ಮರಳಿ ಬರುತ್ತದೋ ಇಲ್ಲವೋ, ಡಾಕ್ಟರಮ್ಮನೂ ಖಚಿತವಾಗಿ ಹೇಳಲಿಲ್ಲ. ಬರದೇ ಹೋದರೆ? ಆಗ ನನಗೆ ಉಳಿಯುವ ಒಂದೇ ಸಂಭಾಷಣೆ ಆ ಢಂ. ಅದನ್ನೂ ಚಪ್ಪಟೆ ಮಾಡಿಸುತ್ತಾರಂತೆ! ಬಿಟ್ಟೇನೆ? ಎಂದಿಗೂ ಇಲ್ಲ!

ಮುದ್ರೆ ಏಕಿಲ್ಲವೆಂದು ನಮಗೆಲ್ಲ ಗೊತ್ತು. ಹೊಳೆಯುವ ಲೋಹ ರಂಗದ ದೀಪಕ್ಕೆ ಸಿಕ್ಕರೆ ಪ್ರೇಕ್ಷಕರ ಕಣ್ಣು ಕುಕ್ಕುತ್ತದೆ. ಅದಕ್ಕೆ ರಂಗಭೂಮಿಯವರು ಮಾಡುವ ಮೊದಲ ಕೆಲಸ, ಹೊಳೆಯುವುದಕ್ಕೆಲ್ಲ ಕಪ್ಪು ಬಳಿಯುವುದು. ಬಂದ ಬಂದ ಒಡೆಯರೆಲ್ಲ ಬಳಿದರು. ರೋಸ್ವಿಟಾಳೂ ಬಳಿದಳು. ಅದೀಗ ಪಿಸ್ತೂಲಲ್ಲ, ಪಿಸ್ತೂಲಿನ ಆಕಾರದ ಬಣ್ಣ.

"ಸೂಲ್‌ಗೆ ಹೋಗಿ, ನಿಮ್ಮ ಭಾಮೈದನ ಹತ್ರ," ಎಂದಳು ಅವಳು. "ಬಂದೂಕು ಕಮ್ಮಾರರ ಊರು ಅದು. ಅವರೂ ಜೀವಮಾನವಿಡೀ ಬೇಟೆ ಬಂದೂಕು ರಿಪೇರಿ ಮಾಡಿದೋರು."

ವೀಗಾಂಡ್! ನನ್ನ ಹೆಂಡತಿ ಆಡೆಲ್‌ಹೈಡಳ ತಮ್ಮ. ಅವಳು ತೀರಿಹೋದ ಮೇಲೂ ಪ್ರತಿ ಕ್ರಿಸ್‌ಮಸ್‌ಗೆ ಬಂದು ಕ್ಲೋಸ್ ಎಂಬ ಆಲೂಗಡ್ಡೆ ಉಂಡೆ ತಿಂದು ಹೋಗುವವನು. ಅಯ್ಯೋ, ಆ ಮನುಷ್ಯ ಒಂದು ವಾಕ್ಯ ಶುರು ಮಾಡಿದರೆ ಉಂಡೆ ತಣ್ಣಗಾಗುತ್ತದೆ. ಕಳೆದ ಕ್ರಿಸ್‌ಮಸ್‌ನಲ್ಲಿ, "ಒಬ್ಬ ಅರಣ್ಯ ಕಾವಲುಗಾರ ಬಂದೂಕು ತಂದಿದ್ದ ಭಾವ, ನಾಯಿ ಸತ್ತ ಮೇಲೆ ಗುರಿ ತಪ್ತಿದೆ ಅಂತ..." ಎಂದು ತೊಡಗಿದ. ಯಾರು ಕಾಯುತ್ತಾರೆ? ನಾನು ನಡುವೆ ಹಾರಿ, ರಂಗದ ಮೇಲೆ ನನ್ನ ಗಡ್ಡಕ್ಕೆ ಮೇಣದಬತ್ತಿಯ ಬೆಂಕಿ ತಾಗಿದ ಕಥೆ ಹೇಳಿ ಇಡೀ ಮೇಜನ್ನು ನಗಿಸಿದೆ.

ಹೋಗುತ್ತೇನೆ. ಪಿಸ್ತೂಲಿಗಾಗಿ ವೀಗಾಂಡನನ್ನೂ ಸಹಿಸುತ್ತೇನೆ.

ಮೇ ೧೪

ಹೋಗಿ ಬಂದೆ. ಬಸ್ಸಿನಿಂದ ಇಳಿಯುವಾಗ ಮಳೆ. ವೀಗಾಂಡ್ ಬಾಗಿಲು ತೆರೆದು, ಎಂದಿನಂತೆ ನನ್ನ ಗುಡುಗಿಗಾಗಿ ಹೆಗಲು ಕುಗ್ಗಿಸಿ ನಿಂತ. ಗುಡುಗು ಬರಲಿಲ್ಲ. ನಾನು ಗಂಟಲು ತೋರಿಸಿ, ಕೊರಳಿಗೆ ನೇತುಹಾಕಿಕೊಂಡ ಸ್ಲೇಟಿನಲ್ಲಿ ಬರೆದು ತೋರಿಸಿದೆ. ಅವನು ಓದಿದ. ಮತ್ತೊಮ್ಮೆ ಓದಿದ.

"ಒಂದು ಮಾತೂ ಆಡೋ ಹಾಗಿಲ್ವಾ ಭಾವ?"

ತಲೆಯಾಡಿಸಿದೆ.

"ಅಂದ್ರೆ... ನಾನು ಮಾತಾಡ್ಬಹುದು ಅಂತಾಯ್ತು," ಎಂದು ಕಾಫಿಗೆ ನೀರಿಟ್ಟ. ದುಷ್ಟ!

ಪಿಸ್ತೂಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ. ನಾನು ಬಣ್ಣವನ್ನು ಒಮ್ಮೆಗೇ ತಿಕ್ಕಿ ತೆಗೆಯೋಣವೆಂದು ಅವನ ಮೇಜಿನ ಮೇಲಿದ್ದ ಉಜ್ಜುಕಾಗದ ಎತ್ತಿದೆನಷ್ಟೆ. ಆ ಸಾಧುಪ್ರಾಣಿ ಹುಲಿಯಾಯಿತು!

"ಕೈ ತೆಗೀರಿ! ಅದನ್ನ ಮುಟ್ಟಿದ್ರೆ ನೋಡಿ ಮತ್ತೆ! ಮುದ್ರೆ ಅಂದ್ರೆ ಏನಂದ್ಕೊಂಡ್ರಿ, ಬಂಡೆ ಮೇಲಿನ ಶಾಸನವಾ? ಒಂದು ಸುತ್ತಿಗೆ ಏಟು, ಉಗುರಿನಷ್ಟು ಗುಳಿ. ಉಜ್ಜಿದ್ರೆ ಬಣ್ಣದ ಜೊತೆ ಅದೂ ಹೋಗತ್ತೆ. ಎಷ್ಟು ಜನ ಬಂದೂಕು ತಿಕ್ಕಿ ತಿಕ್ಕಿ ಹೊಳೆಸಿ ನನ್ ಹತ್ರ ತರ್ತಾರೆ ಗೊತ್ತಾ, 'ಇದ್ಯಾವ ಕಾಲದ್ದು ಹೇಳಪ್ಪ' ಅಂತ? ಕಾಲ ಅವ್ರ ಚಿಂದಿಬಟ್ಟೇಲಿರತ್ತೆ."

ಹತ್ತಿ, ಬಣ್ಣ ಕರಗಿಸುವ ದ್ರಾವಣ, ಮರದ ಕಡ್ಡಿ ಕೊಟ್ಟ. ಒಂದೊಂದೇ ಪದರ ಮೆತ್ತಗೆ ಮಾಡಿ, ಕಡ್ಡಿಯಿಂದ ಎತ್ತಬೇಕು. ಅವಸರ ಕೂಡದು. ಅವಸರ ಕೂಡದಂತೆ! ನನಗೆ!

ಮೇ ೨೦

ಮೊದಲು ಕಪ್ಪು. ಅದರಡಿ ಬೆಳ್ಳಿ ಬಣ್ಣ; ಅದು ಕಡಲ್ಗಳ್ಳರ ನಾಟಕದ ವರ್ಷದ್ದು, ನೆನಪಿದೆ. ಅದರಡಿ ಮತ್ತೆ ಕಪ್ಪು. ಅದರಡಿ ಇಟ್ಟಿಗೆ ಕೆಂಪು, ಯಾವ ನಾಟಕದ್ದೋ ಗೊತ್ತಿಲ್ಲ, ನನಗಿಂತ ಹಿಂದಿನವರದು.

ಬೆಳಗಿನಿಂದ ಉಗುರಗಲ ಜಾಗ. ಹೊರಗೆ ಚೆರಿ ಮರದಲ್ಲಿ ಯಾವುದೋ ಹಕ್ಕಿ ಎರಡು ಸ್ವರ ಹಾಡಿ, ನಿಲ್ಲಿಸಿ, ಮತ್ತೆ ಎರಡು ಸ್ವರ ಹಾಡುತ್ತದೆ. ಈ ಮರದಲ್ಲಿ ಹಕ್ಕಿ ಇರುವುದು ನನಗೆ ಗೊತ್ತಿರಲಿಲ್ಲ.

ಮೇ ೨೭

ಕಿರೀಟ! ಕಿರೀಟ ಕಂಡಿತು! ನಳಿಕೆಯ ಎಡಮಗ್ಗುಲಲ್ಲಿ, ಕೆಂಪು ಬಣ್ಣದಡಿಯಿಂದ, ಅಕ್ಕಿಕಾಳಿನಷ್ಟು ದೊಡ್ಡ ರಾಜಕಿರೀಟ! ಅದರ ಕೆಳಗೊಂದು ಅಕ್ಷರವಿತ್ತು, ತುಕ್ಕು ತಿಂದು ಹಾಕಿದೆ. ಇರಲಿ! ರಾಜಪಾತ್ರಧಾರಿಗೆ ಕಿರೀಟವಲ್ಲದೆ ಇನ್ನೇನು ಸಿಕ್ಕೀತು? ಅಡುಗೆಮನೆಯಲ್ಲಿ ಸದ್ದಿಲ್ಲದೆ ಕುಣಿದೆ. ಮಧ್ಯಾಹ್ನದ ಬಸ್ಸಿಗೇ ಸೂಲ್‌ಗೆ ಹೊರಟೆ.

ವೀಗಾಂಡ್ ಮಸೂರ ಕಣ್ಣಿಗಿಟ್ಟು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮಸೂರವನ್ನು ಮಡಚಿ ಜೇಬಿಗಿಟ್ಟ. ಹಾಗೆ ಮಡಚಿದ್ದು ನನಗೆ ಹಿಡಿಸಲಿಲ್ಲ.

"ಭಾವ, ಇದು ಪರೀಕ್ಷೆಯ ಕಿರೀಟ. ಹೆಚ್ಚು ಮದ್ದು ತುಂಬಿ ಹೊಡೆದು ನೋಡ್ತಾರೆ, ನಳಿಕೆ ಸೀಳದೆ ಉಳಿದ್ರೆ ಒತ್ತೋ ಮುದ್ರೆ. ಕೈಸರ್ ಚಕ್ರವರ್ತಿ ಕಾಲದ ಕಾನೂನು. ಎಪ್ಪತ್ತೊಂದರ ಆಮೇಲೆ, ಇಪ್ಪತ್ತು ವರ್ಷ ಆಮೇಲೆ." ಅವನು ನನ್ನ ಮುಖ ನೋಡಲಿಲ್ಲ. "ಈ ಕಿರೀಟ ಇದ್ರೆ... ಕೇಸು ಮುಗೀತು."

ಮೇ ೨೮

ಏನೂ ಇಲ್ಲ.

ಜೂನ್ ೨

ರೋಸ್ವಿಟಾ ಬಂದು ಚೆರಿ ಕೇಕು ಇಟ್ಟು ಕುಳಿತಳು. "ಮುಖ ನೋಡಿ, ಹೆಣ ಕಾಯೋರ ಹಾಗೆ! ಅಲ್ಲ ಮಹಾರಾಜ, ಐದನೇ ಅಂಕದಲ್ಲಿ ಸತ್ತು ಬಿದ್ದೋರು ಚಪ್ಪಾಳೆ ಕೇಳಿದ ತಕ್ಷಣ ಎದ್ದು ಬರ್ತಿದ್ರಲ್ಲ, ಈಗೇನ್ ಬಂತು ದೊಡ್ಡ ರೋಗ?"

ಅವಳು ಹೋದ ಮೇಲೆ ಪಿಸ್ತೂಲನ್ನು ಕೈಗೆತ್ತಿಕೊಂಡೆ. ಬೀಳ್ಕೊಡುಗೆಗೆಂದು ಹಾಗೇ ಹಿಡಿದೆ, ಗುರು ಹೇಳಿಕೊಟ್ಟಂತೆ: ಕೊನೆಯ ಸಾಲಿಗೆ ಗುರಿ, ಎದೆ ಮುಂದೆ, ಎಡಗೈ ಹೆಬ್ಬೆರಳು ಕೇಪಿಗೆ ಬಡಿಯುವ ಕುದುರೆಯ ಮುಂದಿನ ತಗಡಿನ ಮೇಲೆ. ಅಲ್ಲಿ ಎರಡು ಸಣ್ಣ ಉಬ್ಬು. ಬಣ್ಣದ ಗುಳ್ಳೆಗಳವು; ಮೊದಲ ದಿನದಿಂದ ನನ್ನ ಹೆಬ್ಬೆರಳಿಗೆ ಪರಿಚಯ.

ಹಾಗೇ ನಿಂತಿದ್ದೆ. ಆಮೇಲೆ ಹೊಳೆಯಿತು. ಆ ತಗಡಿನ ಬಣ್ಣವನ್ನೆಲ್ಲ ನಾನೇ ತೆಗೆದಿದ್ದೇನಲ್ಲ! ಬಣ್ಣವೇ ಇಲ್ಲದ ಮೇಲೆ ಗುಳ್ಳೆ ಎಲ್ಲಿಯದು?

ಕಿಟಕಿಗೆ ಹಿಡಿದೆ. ಕಬ್ಬಿಣದೊಳಗೆ ಎರಡು ದುಂಡನೆಯ ಕಲೆ. ಸುತ್ತಲಿನದಕ್ಕಿಂತ ಬಣ್ಣ ತುಸು ಬೇರೆ. ಯಾರೋ ತೂತು ಮುಚ್ಚಿದ್ದಾರೆ.

ಜೂನ್ ೩

ಮೊದಲ ಬಸ್ಸು. ವೀಗಾಂಡನ ಬೆರಳನ್ನು ಹಿಡಿದು ಆ ಕಲೆಗಳ ಮೇಲಿಟ್ಟೆ. ಅವನು ಕಣ್ಣು ಮುಚ್ಚಿ ಸವರಿದ. ನಾನು ಕಾದೆ. ಗೋಡೆಯ ಮೇಲೆ ಗಡಿಯಾರ ನಡೆಯುತ್ತಿತ್ತು. ಕಾದೆ.

"ಭಾವ," ಎಂದ ಕೊನೆಗೆ, ನಿಧಾನಕ್ಕೆ. "ಇಲ್ಲೊಂದು ಸ್ಪ್ರಿಂಗ್ ಇತ್ತು. ಇಲ್ಲೊಂದು ಮುಚ್ಚಳ ಇತ್ತು. ಈ ಪಿಸ್ತೂಲು ಹುಟ್ಟಿದಾಗ ಕೇಪು ಅನ್ನೋದೇ ಇರ್ಲಿಲ್ಲ. ಇದು ಚಕಮಕಿ ಕಲ್ಲಿನ ಪಿಸ್ತೂಲು! ಆಮೇಲೆ ಕೇಪು ಬಂತು. ಅಷ್ಟು ಒಳ್ಳೇ ನಳಿಕೇನ ಯಾರು ಎಸೀತಾರೆ? ಕಲ್ಲಿನ ಸಾಮಾನೆಲ್ಲ ತೆಗೆದು, ತೂತು ಮುಚ್ಚಿ, ಕೇಪಿಗೆ ಬದಲಾಯಿಸಿದ್ರು."

ಹಾಗಾದರೆ ಕಿರೀಟ? ಸ್ಲೇಟಿನಲ್ಲಿ ಕಿರೀಟದ ಚಿತ್ರ ಬರೆದು ತೋರಿಸಿದೆ.

ಅವನು ಹಣೆ ಚಚ್ಚಿಕೊಂಡ. "ನನ್ನ ಬುದ್ಧಿಗಿಷ್ಟು! ನನ್ ಕೈಗೆ ಬಂದಿದ್ದೆಲ್ಲ ಬೇಟೆ ಬಂದೂಕು. ಅವಕ್ಕೆ ಕಿರೀಟ ಅಂದ್ರೆ ಹುಟ್ಟಿದ ದಿನ. ಅದೇ ಚಾಳಿ. ಹೊಸ ಕಾನೂನು ಬಂದಾಗ ಅಂಗಡೀಲಿದ್ದ ಹಳೇ ಮಾಲಿಗೂ ಕಿರೀಟ ಒತ್ತಿಸ್ಬೇಕಿತ್ತು ಭಾವ! ಇದು ಆಗ್ಲೇ ಮುದುಕ. ಮುದುಕನ ತಲೆ ಮೇಲೆ ಕಿರೀಟ ಇಟ್ಟಿದಾರೆ, ಅಷ್ಟೆ."

ನಾನು ನನ್ನ ಎದೆಗೆ ಬೆರಳಿಟ್ಟು ತೋರಿಸಿದೆ. ಅವನಿಗೆ ಅರ್ಥವಾಯಿತು. ಅವನು ಹಾಗೆ ನಗುವುದನ್ನು ನಾನು ನೋಡಿಯೇ ಇರಲಿಲ್ಲ.

"ಆದ್ರೆ ಮುಚ್ಚಿದ ತೂತು ನೋಡಿ ಡೋಲ್ ಒಪ್ಪಲ್ಲ," ಎಂದ ಆಮೇಲೆ. "ಯಾರಾದ್ರೂ ಬೇಕಂತ್ಲೇ ಮಾಡಿರ್ಬಹುದು ಅಂತಾರೆ. ಹುಟ್ಟೂರಿನ ಮುದ್ರೆ ಬೇಕು. ಅದು ಇದ್ರೆ ನಳಿಕೆಯ ಹೊಟ್ಟೆ ಕೆಳಗೆ, ಮರದೊಳಗೆ ಇರತ್ತೆ. ಬಿಚ್ಬೇಕು. ಮರ ಒಣಗಿದೆ, ಸೀಳಿದ್ರೆ ಇಬ್ರೂ ಅಳ್ಬೇಕಾಗತ್ತೆ."

ಜೂನ್ ೫

ಇಂದಿನ ಅಂಕವನ್ನು ನಿಧಾನವಾಗಿ ಬರೆಯುತ್ತೇನೆ.

ಮರದ ಹಿಡಿಯ ಬಣ್ಣವನ್ನು ಸೂಜಿಯಿಂದ ಕೆರೆದಾಗ ಅಡ್ಡಲಾಗಿ ಚುಚ್ಚಿದ ಎರಡು ಕಬ್ಬಿಣದ ಕಡ್ಡಿಗಳ ತುದಿ ಕಂಡವು. ವೀಗಾಂಡ್ ಎಣ್ಣೆ ಬಿಟ್ಟ. ಕಾಯಬೇಕು ಎಂದ. ಕಾಯುವಾಗ ಮಾತಾಡಿದ. ಅದೇ ಮೇಜಿನ ಕೆಳಗೆ ಚಿಕ್ಕ ಆಡೆಲ್‌ಹೈಡ್ ಕೂತಿರುತ್ತಿದ್ದಳಂತೆ. ಅಪ್ಪನ ಅರದ ಸದ್ದಿಗೆ ತಾಳ ಹಾಕಿ ಹಾಡುತ್ತಿದ್ದಳಂತೆ. ಕಬ್ಬಿಣದ ಪುಡಿಯಿಂದ ಕೂದಲೆಲ್ಲ ಬೆಳ್ಳಗಾಗಿ, "ನಾನು ಅಜ್ಜಿ" ಎಂದು ಬೀದಿಗೆ ಓಡುತ್ತಿದ್ದಳಂತೆ. ಇದನ್ನು ಅವಳು ನನಗೆ ಹೇಳಿರಲಿಲ್ಲ. ಅಥವಾ ಹೇಳತೊಡಗಿದ್ದಳೋ ಏನೋ.

ಕಡ್ಡಿಗಳು ಸರಿದವು. ನಳಿಕೆಯ ಬಾಲವನ್ನು ಮರಕ್ಕೆ ಬಿಗಿದಿದ್ದ ತಿರುಪು ಮೊದಲು ಮೊಂಡು ಹಿಡಿಯಿತು, ಆಮೇಲೆ ಕಿರ್ರೆಂದಿತು. ವೀಗಾಂಡ್ ನಳಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಲಗಿದ ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಎತ್ತಿದ. ಮರ ಸೀಳಲಿಲ್ಲ. ಮರದೊಳಗೆ ಯಾವ ರಂಗದ ಬಣ್ಣವೂ ಎಂದೂ ಹೋಗಿರಲಿಲ್ಲ. ನಳಿಕೆಯನ್ನು ತಿರುಗಿಸಿದ.

ಕೋಳಿ!

ಪುಟ್ಟ ಚೌಕದೊಳಗೆ, ನಿನ್ನೆ ತಾನೇ ಒತ್ತಿದಂತೆ, ಎದೆಯುಬ್ಬಿಸಿ ನಿಂತ ಕೋಳಿ! ಅದರ ಪಕ್ಕದಲ್ಲಿ ಊರಿನ ಹೆಸರಿನ ಅಕ್ಷರಗಳು!

"ಸೂಲ್!" ವೀಗಾಂಡ್ ಕೂಗಿದ. ಹೌದು, ವೀಗಾಂಡ್ ಕೂಗಿದ! "ನಮ್ಮೂರ ಕೋಳಿ ಭಾವ! ಹಳೇ ಕಾಲದ ಕಮ್ಮಾರರ ಕೋಳಿ! ಇದನ್ನ ಒತ್ತೋದು ನಿಲ್ಸಿ ಎಷ್ಟೋ ಕಾಲ ಆದ್ಮೇಲೆ ಕೈಸರ್ ಹುಟ್ಟಿದ್ದು! ಇದು ಈ ಬೀದೀಲೇ ಎಲ್ಲೋ ಹುಟ್ಟಿದೆ!"

ನಾವಿಬ್ಬರು ಮುದುಕರು ಒಬ್ಬರನ್ನೊಬ್ಬರು ತಬ್ಬಿಕೊಂಡು ಆ ಅಂಗಡಿಯಲ್ಲಿ ಗಿರಿಗಿರಿ ತಿರುಗಿದೆವು. ಗಂಟಲಿನವರೆಗೆ ಜಯಘೋಷ ಬಂತು. ನುಂಗಿದೆ. ಸಿಹಿಯಾಗಿತ್ತು.

ಜೂನ್ ೧೭

ಡಾಕ್ಟರಮ್ಮ ಕನ್ನಡಿ ಹಾಕಿ ನೋಡಿ, "ಗಾಯ ಚೆನ್ನಾಗಿ ಮಾಯ್ದಿದೆ. ಮಾತಾಡಿ. ಆದ್ರೆ ಮೆಲ್ಲಗೆ," ಎಂದರು. ನಾನು ತಲೆಯಾಡಿಸಿ ಬಂದೆ. ಬಸ್ಸಿನಲ್ಲಿ ನೆನಪಾಯಿತು, ಅವರಿಗೆ ಬಾಯಿಬಿಟ್ಟು ವಂದನೆ ಹೇಳಬಹುದಿತ್ತು.

ನಾಳೆ ಹೆರ್ ಡೋಲ್ ಬರುತ್ತಾರೆ. ಭಾಷಣ ಸಿದ್ಧವಾಗಿದೆ! "ಎಲೈ ಅಧಿಕಾರಿಯೇ!" ಎಂದು ಆರಂಭ. ನಡುವೆ ಕೋಳಿಯ ಸ್ತುತಿ. ಕೊನೆಗೆ ಪಿಸ್ತೂಲನ್ನು ಎತ್ತಿ ಹಿಡಿದು ಒಂದು ಗರ್ಜನೆ. ಡೋಲ್ ಮೂರ್ಛೆ ಹೋಗದಿದ್ದರೆ ನನ್ನ ಹೆಸರು ಬದಲಾಯಿಸಿ.

ಜೂನ್ ೧೮

ಗೆದ್ದೆವು!

ರಂಗಸಾಮಗ್ರಿಗಳ ಕೋಣೆಯಲ್ಲಿ, ಕಿರೀಟ ತಲೆಬುರುಡೆಗಳ ನಡುವೆ, ನಾವು ಮೂವರು ಸಾಲಾಗಿ ನಿಂತಿದ್ದೆವು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬಿಚ್ಚಿಟ್ಟ ಪಿಸ್ತೂಲು. ಹೆರ್ ಡೋಲ್ ಮೊದಲು ಕಿರೀಟವನ್ನೇ ನೋಡಿದರು. ನೋಡಿ ನಿಟ್ಟುಸಿರು ಬಿಟ್ಟರು. "ಅಯ್ಯೋ, ಇದು ಕೈಸರನ ಕಾಲದ್ದಲ್ವೇ? ಬೇಜಾರಾಗತ್ತೆ ಸ್ವಾಮಿ..."

ಎಲೈ ಅಧಿಕಾರಿಯೇ! ನಾನು ಎದೆ ತುಂಬ ಉಸಿರೆಳೆದೆ. ಬಾಯಿ ತೆರೆದೆ.

"ಇವನು ಹೇಳ್ತಾನೆ, ಕೇಳಿ," ಎಂದೆ.

ಏಕೆ ಹಾಗೆ ಅಂದೆನೋ! ಡಾಕ್ಟರಮ್ಮ ಮೆಲ್ಲಗೆ ಎಂದಿದ್ದರಲ್ಲ, ಅದಕ್ಕೇ ಇರಬೇಕು. ವೀಗಾಂಡ್ ಬೆಚ್ಚಿ ನನ್ನತ್ತ ನೋಡಿದ. ಆಮೇಲೆ ಹೇಳಿದ. ಮುಚ್ಚಿದ ತೂತುಗಳು, ತೆಗೆದುಹಾಕಿದ ಚಕಮಕಿ, ಆಮೇಲೆ ಬಂದ ಕೇಪು, ಹಳೆಯ ಮಾಲಿನ ಮೇಲೆ ಒತ್ತಿದ ಕಿರೀಟ, ಎಲ್ಲವನ್ನೂ, ಎಲ್ಲೂ ನಿಲ್ಲದೆ. ಕೊನೆಗೆ ನಳಿಕೆಯನ್ನು ತಿರುಗಿಸಿಟ್ಟ.

ಹೆರ್ ಡೋಲ್ ಬಾಗಿ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. ಮಸೂರ ಕೇಳಿದರು. ರೋಸ್ವಿಟಾ ನನ್ನ ತೋಳನ್ನು ಹಿಂಡುತ್ತಿದ್ದಳು. ನೀಲಿಗಟ್ಟಿದೆ, ಈಗಲೂ ನೋಯುತ್ತಿದೆ.

"ಕೋಳಿ," ಎಂದರು ಅವರು. ನೆಟ್ಟಗೆ ನಿಂತರು. ನಗು ಅವರ ಮುಖದ ಒಂದು ಮೂಲೆಯಿಂದ ಹೊರಟು ಇನ್ನೊಂದು ಮೂಲೆಗೆ ಮುಟ್ಟಿತು. "ನಮ್ಮಜ್ಜಿ ಸೂಲ್‌ನೋರು. ಈ ಕೋಳೀನ ಪುಸ್ತಕದಲ್ಲಿ ನೋಡಿದ್ದೆ ಅಷ್ಟೆ. ಇದಕ್ಕೆ ಪರವಾನಗಿ ಕೇಳೋಕೆ ನಾನ್ಯಾರು? ಕಪಾಟಲ್ಲೇ ಇರ್ಲಿ. ಒಂದೇ ಒಂದು ಷರತ್ತು: ದಯವಿಟ್ಟು ಇನ್ನು ಬಣ್ಣ ಬಳೀಬೇಡಿ ತಾಯಿ!"

"ನನ್ ಕೈ ಸೇದಿಹೋಗ್ಲಿ ಬಳಿದ್ರೆ!" ಎಂದು ರೋಸ್ವಿಟಾ ಅಳುತ್ತಲೇ ಕೂಗಿ, ಅಧಿಕಾರಿಯ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ನನ್ನತ್ತ ತಿರುಗಿ, "ಮಹಾರಾಜ! ನಿಮ್ಮ ಗಂಟಲು ಬಂದಿದೆ! ಯಾವಾಗ ಬಂತು? ಹೇಳ್ಲೇ ಇಲ್ವಲ್ಲ!" ಎಂದಳು.

ಹೌದಲ್ಲ. ಹೇಳಲು ಮರೆತೇಹೋಗಿತ್ತು.

ಸೆಪ್ಟೆಂಬರ್ ೭

ಪರದೆ ಏಳಲಿ! ಎದ್ದಿದೆ!

ಎಲ್ಲರೂ ರಂಗದ ಮೇಲೆ. ಮುಂದೆ ಖಾಲಿ ಕುರ್ಚಿಗಳ ಕೆಂಪು ಕಡಲು. ಪಿಸ್ತೂಲಿಗೆ ದೀಪ ತಾಗಿತು, ಹೊಳೆಯಿತು, ಎಲ್ಲರ ಕಣ್ಣು ಕುಕ್ಕಿತು. ಕುಕ್ಕಲಿ! ಕೇಪು ಇಟ್ಟೆ. ಕೊನೆಯ ಸಾಲಿಗೆ ಗುರಿ ಹಿಡಿದೆ. ಹೆಬ್ಬೆರಳಿಗೆ ಎರಡು ಹಳೆಯ ಗೆಳೆಯರು ಸಿಕ್ಕರು.

ಢಂ!!

ಎಂಥ ಢಂ! ಹೋದ ವರ್ಷಗಳದ್ದೆಲ್ಲ ಬಣ್ಣದಡಿಯ ಕೆಮ್ಮು. ಇದು ಕಬ್ಬಿಣದ ಕಂಠ. ಅದು ಮೇಲಿನ ಗ್ಯಾಲರಿಗೆ ಹೋಯಿತು, ಛಾವಣಿಗೆ ಹೋಯಿತು, ತಿರುಗಿ ಬಂತು. ಪ್ರತಿ ವರ್ಷ ಈ ಕ್ಷಣದಲ್ಲಿ ನಾನು ಭಾಷಣ ಶುರು ಮಾಡಿಬಿಡುತ್ತಿದ್ದೆ. ಈ ಸಲ ಸದ್ದು ಪೂರ್ತಿ ಹಿಂದಿರುಗುವವರೆಗೆ ಸುಮ್ಮನೆ ನಿಂತೆ. ಈ ಮನೆ ಮಾರುತ್ತರ ಕೊಡುತ್ತದೆಂದು ಓಟೋಕಾರ್ ನನಗೆ ಹೇಳಿರಲಿಲ್ಲ. ಆಮೇಲೆ ಚಪ್ಪಾಳೆ ಬಿತ್ತು ನೋಡಿ! ಬಡಗಿಗಳು ಸುತ್ತಿಗೆಯಿಂದ ಹಲಗೆ ಬಡಿದರು!

ಸಂಜೆ ಎದುರಿನ ಹೋಟೆಲಿನಲ್ಲಿ ಉದ್ದ ಮೇಜು, ಕ್ಲೋಸ್ ಉಂಡೆ, ಹುರಿದ ಮಾಂಸ, ಬಿಯರು. ವೀಗಾಂಡನನ್ನು ನನ್ನ ಬಲಕ್ಕೆ ಕೂರಿಸಿಕೊಂಡಿದ್ದೆ. "ಭಾಷಣ! ಮಹಾರಾಜರ ಭಾಷಣ!" ಎಂದು ರೋಸ್ವಿಟಾ ಚಮಚದಿಂದ ಗ್ಲಾಸು ಬಡಿದಳು. ನಾನು ಎದ್ದೆ. ಗಂಟಲು ಪರೀಕ್ಷಿಸಿ ನೋಡಿದೆ. ಇತ್ತು, ಇಡಿಯಾಗಿ ಇತ್ತು, ಕೊನೆಯ ಸಾಲಿನ ಕಿವುಡಜ್ಜಿಗೂ ಮುಟ್ಟುವಷ್ಟು ಇತ್ತು!

"ವೀಗಾಂಡ್!" ಎಂದು ಗುಡುಗಿದೆ. ಗ್ಲಾಸುಗಳು ನಡುಗಿದವು. "ನಾಯಿ ಸತ್ತ ಮೇಲೆ ಗುರಿ ತಪ್ತಿದೆ ಅಂತ ಒಬ್ಬ ಕಾವಲುಗಾರ ಬಂದೂಕು ತಂದಿದ್ನಲ್ಲ! ಆಮೇಲೇನಾಯ್ತು?"

ಅವನು ಉಂಡೆಯನ್ನು ನಿಧಾನವಾಗಿ ಅಗಿದ. ನುಂಗಿದ. ಬಾಯಿ ಒರೆಸಿಕೊಂಡ. ಮೇಜಿನವರೆಲ್ಲ ಕಾದರು. ನಾನೂ ಕಾದೆ.

"ಬಂದೂಕು ಚೆನ್ನಾಗೇ ಇತ್ತು ಭಾವ," ಎಂದ. "ಅದನ್ನ ಮುಟ್ಲೇ ಇಲ್ಲ. ಒಂದು ವಾರ ಇಟ್ಕೊಂಡಿದ್ದು, ಒಂದು ನಾಯಿಮರಿ ಜೊತೆ ವಾಪಸ್ ಕೊಟ್ಟೆ. ಈಗ ಊರೆಲ್ಲ ಹೇಳ್ಕೊಂಡು ತಿರುಗ್ತಾನೆ, ನನ್ನಂಥ ರಿಪೇರಿ ಮಾಡೋರು ಇಡೀ ಜರ್ಮನೀಲಿಲ್ಲ ಅಂತ."

ಮೇಜು ಘೊಳ್ಳೆಂದಿತು. ಬಡಗಿಗಳು ಈ ಸಲ ಮುಷ್ಟಿಯಿಂದ ಮೇಜು ಬಡಿದರು. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ನಾನು, ಡಾಕ್ಟರಮ್ಮ ಕ್ಷಮಿಸಲಿ.